ಇಪ್ಪತ್ತೊಂದನೆಯ ಮೆಟ್ಟಿಲು

ನಮ್ಮ ಬನಶಂಕರಿಯ ಪಾರ್ಕಿನ ಗೇಟಿಗೆ ಎರಡು ತಿಂಗಳ ಹಿಂದೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಹಾರ ಹಾಕಿದ ಫೋಟೊ, ಫೋಟೊದ ಎರಡೂ ಪಕ್ಕ ಉರಿಯುವ ದೀಪದ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ 'ನಿಸ್ವಾರ್ಥ ಸಲಹೆಗಾರರು, ಬಡಾವಣೆಯ ಮಾರ್ಗದರ್ಶಕರು'. ವಾಕಿಂಗ್ ಮುಗಿಸಿ ಬರುತ್ತಿದ್ದವನು ಅದರ ಮುಂದೆ ನಿಂತು ಎರಡು ಸಲ ಓದಿದೆ. ನಗು ಬಂತು. ಸತ್ತವರ ಫೋಟೊ ನೋಡಿ ನಗು ಬರುವುದು ಮನುಷ್ಯನಿಗೆ ಶೋಭೆಯಲ್ಲ ಅಂತ ನನಗೂ ಗೊತ್ತು. ಆದರೂ ಬಂತು.

ಪಾರ್ಕಿನ ಸಂಘದ ಕಾರ್ಯದರ್ಶಿ ನನ್ನನ್ನು ಹಿಡಿದು ನಿಲ್ಲಿಸಿದರು.

"ಸಾರ್, ನೀವು ಬ್ಯಾಂಕಲ್ಲಿದ್ದೋರು, ಚೆನ್ನಾಗ್ ಬರೀತೀರ. ಸ್ಮರಣ ಸಂಚಿಕೆ ತರ್ತಾ ಇದ್ದೀವಿ. ಅವ್ರ ಬಗ್ಗೆ ಒಂದು ಪೇಜ್ ಬರ್ಕೊಡಿ. ನಾಲ್ಕ್ ಒಳ್ಳೇ ಮಾತು ಸಾಕು."

"ಆಯ್ತು, ನೋಡೋಣ" ಅಂದು ಮನೆಗೆ ಬಂದೆ. ಕಾಗದ ಮುಂದಿಟ್ಟುಕೊಂಡು ನಾಲ್ಕು ಒಳ್ಳೆಯ ಮಾತು ಹುಡುಕಿದೆ. ಒಂದು ಸಿಕ್ಕಿತು: ಆ ಮನುಷ್ಯನ ಕೈಬರಹ ಬಹಳ ಚೆನ್ನಾಗಿತ್ತಂತೆ. ಅದನ್ನೂ ನಾನು ಕಣ್ಣಾರೆ ಕಂಡವನಲ್ಲ, ಯಾಕೆಂದರೆ ಆತ ಯಾರಿಗೂ ಏನನ್ನೂ ಬರೆದುಕೊಟ್ಟವನಲ್ಲ. ಸಂಚಿಕೆಗೆ ಬರೆಯುವುದನ್ನು ಬಿಟ್ಟೆ. ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಬದುಕಿದ್ದಾಗ ಎದುರಿಗೆ ಸಿಕ್ಕಾಗಲೆಲ್ಲ ಕೈ ಮುಗಿದು 'ಸಾರ್' ಅಂದಿದ್ದೇನೆ. ಈಗ ಆ ಗೌರವ ಕೊಡಲು ಮನಸ್ಸು ಒಪ್ಪುತ್ತಿಲ್ಲ. 'ಆತ' ಅಂತಲೇ ಬರೆಯುತ್ತೇನೆ.

ಆತ ಸರ್ಕಾರಿ ಇಲಾಖೆಯೊಂದರಲ್ಲಿ ಇಂಜಿನಿಯರ್ ಆಗಿ ನಿವೃತ್ತನಾದವನು. ಇಡೀ ಬಡಾವಣೆ ಆತನನ್ನು 'ಇಂಜಿನಿಯರ್ ಸಾಹೇಬ್ರು' ಅನ್ನುತ್ತಿತ್ತು. ಆತ ತನ್ನ ಸರ್ವೀಸಿನಲ್ಲಿ ಕಟ್ಟಿಸಿದ್ದು ಬರೀ ಮೋರಿಗಳನ್ನು. ರಸ್ತೆಯ ಪಕ್ಕದ ಮೋರಿ, ರಸ್ತೆಯ ಅಡಿಯ ಮೋರಿ, ಮಳೆನೀರು ಹೋಗುವ ದೊಡ್ಡ ಮೋರಿ. ಮೋರಿಗೆ ಮೆಟ್ಟಿಲು ಇರುವುದಿಲ್ಲ. ಆದರೆ ನಿವೃತ್ತನಾದ ಮಾರನೆಯ ದಿನದಿಂದ ಆತ ಸಲಹೆ ಕೊಡಲು ಹೊರಟದ್ದು ಮನೆಯ ಮೆಟ್ಟಿಲುಗಳ ಬಗ್ಗೆ. ಯಾಕೆ ಮೆಟ್ಟಿಲೇ ಆಯಿತು ಅಂತ ನಾನು ಬಹಳ ಯೋಚನೆ ಮಾಡಿದ್ದೇನೆ. ಅಡುಗೆಮನೆ, ಬಚ್ಚಲುಮನೆ, ದೇವರ ಮನೆ ಎಲ್ಲ ಬಾಗಿಲ ಒಳಗಿರುತ್ತವೆ. ಕರೆಯದೆ ಹೋಗಿ ನೋಡಲಾಗುವುದಿಲ್ಲ. ಮೆಟ್ಟಿಲು ಮಾತ್ರ, ನಮ್ಮ ಕಡೆಯ ಮನೆಗಳಲ್ಲಿ, ಕಾಂಪೌಂಡಿನ ಪಕ್ಕದಲ್ಲೇ ಹೊರಗೆ ಇರುತ್ತದೆ. ರಸ್ತೆಯಲ್ಲಿ ಹೋಗುವ ಯಾವನು ಬೇಕಾದರೂ ನಿಂತು ಮೂಗು ತೂರಿಸಬಹುದು.

ಬಿಳಿ ಕ್ಯಾನ್ವಾಸ್ ಶೂ, ತೋಳಿಲ್ಲದ ಸ್ವೆಟರು, ಬೇಸಿಗೆಯಲ್ಲೂ ಕೈಯಲ್ಲೊಂದು ಛತ್ರಿ. ಅಂಗಿಯ ಜೇಬಿನಲ್ಲಿ ಸ್ಟೀಲಿನ ಟೇಪು. ಯಾರ ಮನೆಯ ಮುಂದೆ ಮರಳು, ಜಲ್ಲಿ ಬಿದ್ದರೂ ಮಾರನೆಯ ಬೆಳಿಗ್ಗೆ ಅಲ್ಲಿ ಹಾಜರು. ತಾರಸಿಯ ಮೌಲ್ಡಿಗೆ ಆಸರೆ ಕೊಟ್ಟ ಕಂಬಗಳ ನಡುವೆ ನುಸುಳಿಕೊಂಡು ಹೋಗಿ, ಛತ್ರಿಯ ತುದಿಯಿಂದ ಮೆಟ್ಟಿಲುಗಳನ್ನು ಟಕ್ ಟಕ್ ಅಂತ ಕುಟ್ಟುತ್ತ ನಿಲ್ಲುತ್ತಿದ್ದ. ಏನು ಠೀವಿ! ಮನೆಯವರು ಗಾಬರಿಯಿಂದ ಓಡಿ ಬಂದರೆ ತಕ್ಷಣ ಮಾತಾಡುತ್ತಿರಲಿಲ್ಲ. ತುಟಿ ಒತ್ತಿಕೊಂಡು, ತಲೆಯನ್ನು ನಿಧಾನ ಆ ಕಡೆ ಈ ಕಡೆ ಆಡಿಸುತ್ತಿದ್ದ. ಮನೆ ಕಟ್ಟಿಸುತ್ತಿರುವವನ ಜೀವ ಬಾಯಿಗೆ ಬರಲು ಅಷ್ಟು ಸಾಕು.

"ಏನ್ ಸಾರ್, ಏನಾದ್ರೂ ತಪ್ಪಾಗಿದ್ಯಾ?"

"ಛೆ ಛೆ. ನಾನ್ಯಾರು ಹೇಳೋಕೆ? ಕಟ್ಟಿ, ಕಟ್ಟಿ."

ಅಲ್ಲಿಗೆ ಮುಗಿಯಿತು. ಮನೆಯವನು ಆತನನ್ನು ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟು, ದಮ್ಮಯ್ಯ ಗುಡ್ಡೆ ಹಾಕಿ ತಪ್ಪು ಯಾವುದು ಅಂತ ಹೇಳಿಸಿಕೊಳ್ಳಬೇಕು. ಕಾಫಿ ಅರ್ಧ ಕುಡಿದು ಲೋಟ ಇಟ್ಟು ಹೇಳುತ್ತಿದ್ದ. ಹೇಳಿದ ಮೇಲೆ ಏಳುತ್ತ, "ನಾನು ಹೇಳೋದು ಹೇಳ್ದೆ. ಆಮೇಲೆ ನಿಮ್ಮಿಷ್ಟ" ಅನ್ನುತ್ತಿದ್ದ. ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ! ಕೈ ತೊಳೆದುಕೊಳ್ಳಲು ಇದಕ್ಕಿಂತ ಸುಲಭದ ನೀರು ಇಲ್ಲ. ಮಾಡಿಸಿ ಹಾಳಾದರೆ ಮನೆಯವನ ಇಷ್ಟ, ಮಾಡಿಸದೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಆತನ ಮಾತು ಕೇಳದ ತಪ್ಪು. ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ, ಅದೊಂದು ದೊಡ್ಡ ಹೆಗ್ಗಳಿಕೆ ಬೇರೆ. ತೆಗೆದುಕೊಂಡಿದ್ದರೆ ಎದುರು ನಿಂತು ಜಗಳವಾದರೂ ಆಡಬಹುದಿತ್ತು.

ಗೊಟ್ಟಿಗೆರೆಯಲ್ಲಿ ನನ್ನ ಬ್ಯಾಂಕಿನ ಹಳೆಯ ಗಿರಾಕಿಯೊಬ್ಬರಿದ್ದಾರೆ. ಅವರ ಅಪ್ಪ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಮನೆ ಕಟ್ಟಿಸಿದರು. ಮೊದಲನೆಯ ಅಂತಸ್ತಿನ ಮೆಟ್ಟಿಲಿಗೆ ಕಾಂಕ್ರೀಟು ಬಿದ್ದಾಗಿತ್ತು. ಅಷ್ಟರಲ್ಲಿ ಈ ಮಹಾಶಯ ಬಸ್ಸು ಹತ್ತಿ ಅಲ್ಲಿಗೂ ಹೋದ. ಮೆಟ್ಟಿಲು ಎಡಕ್ಕೆ ತಿರುಗಿದೆ, ಪ್ರದಕ್ಷಿಣೆಯ ಹಾಗೆ ಬಲಕ್ಕೆ ತಿರುಗಬೇಕು ಅಂದ. ಪಾಪ, ಆ ಯಜಮಾನರು ಹಾಕಿದ ಕಾಂಕ್ರೀಟನ್ನೇ ಒಡೆಸಿ ಬಲಕ್ಕೆ ತಿರುಗಿಸಿದರು. ಬಲಕ್ಕೇನೋ ತಿರುಗಿತು. ಆದರೆ ತಿರುಗುವ ಕಡೆ ಮೇಲಿನ ತೊಲೆ ನೇರವಾಗಿ ಹಣೆಗೆ ಬಂತು. ಐದೂವರೆ ಅಡಿಗಿಂತ ಉದ್ದ ಇದ್ದ ಬಾಡಿಗೆದಾರರೆಲ್ಲ ಅದಕ್ಕೆ ತಲೆ ಹೊಡೆಸಿಕೊಂಡರು. ನಾನು ಹೋದಾಗ ತೊಲೆಗೆ ಹಳೆಯ ಹಾಸಿಗೆಯ ತುಂಡೊಂದನ್ನು ಹಗ್ಗದಲ್ಲಿ ಬಿಗಿದಿದ್ದರು.

"ಏನ್ರೀ ಇದು?" ಅಂದೆ.

"ಸಾಹೇಬ್ರು ಹೇಳವ್ರೆ ಸಾ. ಬಲಕ್ಕೇ ತಿರುಗ್ಬೇಕಂತೆ."

"ತಲೆಗೆ ಬಡೀತಿದೆಯಲ್ಲ, ಅದಕ್ಕೇನಂದ್ರು?"

"ಮನೇಗ್ ಬರೋರು ತಲೆ ಬಗ್ಗಿಸ್ಕೊಂಡ್ ಬರೋದು ಒಳ್ಳೇದೇ ಅಂದ್ರು ಸಾ."

ಬಿಟಿಎಂ ಲೇಔಟಿನಲ್ಲಿ ಇನ್ನೊಬ್ಬರಿಗೆ ಜಾಗ ಉಳಿಯುತ್ತದೆ ಅಂತ ಹೇಳಿ ಕಬ್ಬಿಣದ ಸುರುಳಿ ಮೆಟ್ಟಿಲು ಹಾಕಿಸಿದ. ಅದರಲ್ಲಿ ಮನುಷ್ಯರು ಹತ್ತಿದರು, ಮಂಚ ಹತ್ತಲಿಲ್ಲ, ಫ್ರಿಜ್ಜು ಹತ್ತಲಿಲ್ಲ. ಕೊನೆಗೆ ಫ್ರಿಜ್ಜಿಗೆ ಹಗ್ಗ ಕಟ್ಟಿ ರಸ್ತೆಯಿಂದ ಬಾಲ್ಕನಿಗೆ ಎಳೆದುಕೊಂಡರು. ಪಕ್ಕದ ಪಿಜಿಯ ಹುಡುಗರು ನಿಂತು ವಿಡಿಯೊ ಮಾಡಿದರು. "ಫ್ರಿಜ್ ದಿನಾ ಹತ್ತಿಸ್ತೀರಾ? ಒಂದ್ ಸಲ ತಾನೆ!" ಅಂದನಂತೆ. ಅದಕ್ಕೂ ಆ ಮನೆಯವರು ಹೌದಲ್ಲವೆ ಅಂದುಕೊಂಡರಂತೆ. ಆತನನ್ನು ಬಯ್ಯುವಾಗ ನನಗೆ ಈ ಜನರ ಮೇಲೂ ಮೈ ಉರಿಯುತ್ತದೆ. ಓದಿದವರು, ಮನೆ ಕಟ್ಟಿಸುವಷ್ಟು ಬುದ್ಧಿ ಇದ್ದವರು, ಆತನ ಛತ್ರಿಯ ಮುಂದೆ ಕೋಲೆ ಬಸವನ ಹಾಗೆ ತಲೆ ಆಡಿಸುತ್ತಿದ್ದರು.

ಈಗ ನನ್ನ ಅಕ್ಕನ ವಿಷಯಕ್ಕೆ ಬರಬೇಕು.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಜಯನಗರದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರಾಗಿದ್ದಳು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗಾಲು ಸಣ್ಣದಾಗಿದೆ. ಎಡಗಾಲಿನ ಬಲದ ಮೇಲೆ ಇಡೀ ಜೀವನ ನಡೆದವಳು. ಮದುವೆಯಾಗಲಿಲ್ಲ, ಬಾಡಿಗೆ ಮನೆಗಳಲ್ಲೇ ಇದ್ದಳು. ನಿವೃತ್ತಳಾದ ಮೇಲೆ, ಅಪ್ಪ ನಮ್ಮಿಬ್ಬರಿಗೂ ಬಿಟ್ಟುಹೋದ ಬನಶಂಕರಿಯ ಮನೆಯ ಮೇಲೆ ಅವಳಿಗೊಂದು ಮನೆ ಕಟ್ಟಿಸುವುದು ಅಂತ ಮಾತಾಯಿತು. ಕೆಳಗೆ ನಾನು, ನನ್ನ ಹೆಂಡತಿ, ಮಗಳು.

ಕೆಳಗಿನ ಮನೆಯಲ್ಲೇ ಒಂದು ರೂಮು ಕೊಡುತ್ತೇವೆ ಅಂತ ನನ್ನ ಹೆಂಡತಿ ಹೇಳಿದಳು. ಮನಸ್ಸಿಟ್ಟೇ ಹೇಳಿದಳು. ಅಕ್ಕ ಒಪ್ಪಲಿಲ್ಲ.

"ರೂಮು ಬೇಡ ಕಣಮ್ಮ. ನನ್ನದೇ ಬಾಗಿಲು, ನನ್ನದೇ ಬೀಗ ಇರೋ ಮನೆ ಬೇಕು. ಈ ವಯಸ್ಸಲ್ಲಿ ಇನ್ನೊಬ್ಬರ ಮನೆ ರೂಮಲ್ಲಿ ಕೂರೋಕೆ ನಂಗಾಗಲ್ಲ."

"ಮತ್ತೆ ಮೆಟ್ಟಿಲು?" ಅಂದೆ ನಾನು.

"ಡಾಕ್ಟ್ರು ಹೇಳಿದ್ದಾರೆ, ಮೆಟ್ಟಿಲು ಹತ್ತೋದು ಬಿಟ್ಟ ದಿನ ಕಾಲೂ ಬಿಡುತ್ತೆ ಅಂತ. ನನ್ನ ಕಾಲಿಗೆ ಸರಿಯಾಗಿರೋ ಮೆಟ್ಟಿಲು ಕಟ್ಟಿಸೋಣ. ನಾನೇ ಲೆಕ್ಕ ಹಾಕ್ತೀನಿ."

ಲೆಕ್ಕ ಅಂದರೆ ಅಂಥಿಂಥ ಲೆಕ್ಕವಲ್ಲ. ಮೂರು ತಿಂಗಳು ವ್ಯಾನಿಟಿ ಬ್ಯಾಗಿನಲ್ಲಿ ದರ್ಜಿಯ ಟೇಪು ಹಾಕಿಕೊಂಡು ಊರಿನ ಮೆಟ್ಟಿಲುಗಳನ್ನೆಲ್ಲ ಅಳೆದಳು. ಯಾವ ಮನೆಗೆ ಹೋದರೂ ಮೊದಲು ಮೆಟ್ಟಿಲು, ಆಮೇಲೆ ಕುಶಲ. ನಾನು ಕೆಲಸ ಮಾಡಿದ್ದ ಬ್ಯಾಂಕಿನ ಮೆಟ್ಟಿಲು ಏಳಿಂಚು. "ನಿಮ್ಮ ಬ್ಯಾಂಕಿಗೆ ಮುದುಕರು ಬರೋದು ಬೇಡ ಅಂತಾನೇ ಕಟ್ಟಿಸಿದ್ದಾರೆ" ಅಂದಳು. ಯಾವುದೋ ಕಲ್ಯಾಣ ಮಂಟಪದ್ದು ಐದಿಂಚು. ಹತ್ತುತ್ತ ಹತ್ತುತ್ತ ನಿದ್ದೆ ಬರುತ್ತೆ ಅಂದಳು. ಪುಟ್ಟೇನಹಳ್ಳಿಯಲ್ಲಿ ಅವಳ ಜೊತೆ ಕೆಲಸ ಮಾಡಿದ ಇನ್ನೊಬ್ಬ ಟೀಚರಿನ ಫ್ಲಾಟಿದೆ. ಅಲ್ಲಿಯ ಮೆಟ್ಟಿಲಿಗೆ ಮುಖ ಕಾಣುವಷ್ಟು ನುಣುಪು ಗ್ರಾನೈಟ್ ಹಾಕಿದ್ದರು. "ಇದ್ರಲ್ಲಿ ತಲೆ ಬಾಚ್ಕೋಬಹುದು, ಕಾಲಿಡೋಕಾಗಲ್ಲ" ಅಂತ ಅವರೆದುರಿಗೇ ಹೇಳಿ ಬಂದಳು. ಆಮೇಲೆ ನಮ್ಮ ಹಿತ್ತಲಿನಲ್ಲಿ ಇಟ್ಟಿಗೆ, ಹಲಗೆ ಜೋಡಿಸಿ ಐದೂವರೆ, ಆರು, ಆರೂವರೆ ಇಂಚಿನ ಎತ್ತರ ಮಾಡಿ, ಒಂದೊಂದರ ಮೇಲೂ ನೂರು ಸಲ ಹತ್ತಿ ಇಳಿದಳು. ಆರಿಂಚು ಸರಿಹೋಯಿತು.

ನೆಲದಿಂದ ಮೇಲಿನ ನೆಲಕ್ಕೆ ಹತ್ತಡಿ, ಅಂದರೆ ನೂರಿಪ್ಪತ್ತು ಇಂಚು. ಆರರಿಂದ ಭಾಗಿಸಿದರೆ ಇಪ್ಪತ್ತು ಮೆಟ್ಟಿಲು.

"ಶೇಷ ಸೊನ್ನೆ ನೋಡೋ!" ಅಂತ ಅಕ್ಕ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ಹತ್ತು ಮೆಟ್ಟಿಲಾದ ಮೇಲೆ ನಿಂತು ಉಸಿರು ತೆಗೆದುಕೊಳ್ಳಲು ಜಾಗ, ಮತ್ತೆ ಹತ್ತು. ಎರಡೂ ಕಡೆ ಕೈಗೆ ಸಿಗುವ ಕಂಬಿ. ಕಾಲು ಜಾರದ ಒರಟು ಕಲ್ಲು. ಅವಳು ಹೇಳಿದ ಹಾಗೆಯೇ ಮೇಸ್ತ್ರಿ ಕಟ್ಟಿದ. ಸಿಮೆಂಟು ಒಣಗಿದ ಮೇಲೆ ಅವಳು ಮೊದಲ ಸಲ ಹತ್ತಿ, ಮೇಲೆ ನಿಂತು ನಮ್ಮನ್ನೆಲ್ಲ ನೋಡಿದಳಲ್ಲ, ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹತ್ತು ದಿನದಲ್ಲಿ ಕೆಳಗೆ ನೋಡದೆ, ಮನಸ್ಸಿನಲ್ಲೇ ಇಪ್ಪತ್ತು ಎಣಿಸಿಕೊಂಡು ಹತ್ತಿ ಇಳಿಯುವುದು ಅವಳಿಗೆ ಅಭ್ಯಾಸವಾಯಿತು.

ಗೃಹಪ್ರವೇಶಕ್ಕೆ ಮೂರು ವಾರ ಇತ್ತು. ಆತ ಬಂದ.

ಗೇಟು ತೆಗೆದುಕೊಂಡು ನೇರ ಮೆಟ್ಟಿಲ ಹತ್ತಿರ ಹೋದ. ಎರಡೂ ಕಡೆಯ ಕಂಬಿ ನೋಡಿ ಮುಖ ಕಿವುಚಿದ. ಅಕ್ಕ ಅಲ್ಲೇ ನಿಂತಿದ್ದಳು. ಅವಳ ಕಡೆ ತಿರುಗದೆ ನನಗೆ ಹೇಳಿದ.

"ಎರಡೂ ಕಡೆ ಕಂಬಿ ಹಾಕ್ಸಿದ್ದೀರಲ್ಲ, ಆಸ್ಪತ್ರೆ ಥರ ಕಾಣುತ್ತೆ."

"ಕಾಣ್ಲಿ ಬಿಡಿ ಸಾರ್, ನನಗೆ ಬೇಕಾಗಿದ್ದೂ ಅದೇ" ಅಂದಳು ಅಕ್ಕ.

ಆತ ಕೇಳಿಸದವನ ಹಾಗೆ ಛತ್ರಿಯ ತುದಿಯನ್ನು ಮೊದಲ ಮೆಟ್ಟಿಲ ಮೇಲಿಟ್ಟ. "ಇಂದ್ರ" ಅಂದ. ಎರಡನೆಯದಕ್ಕೆ "ಯಮ", ಮೂರನೆಯದಕ್ಕೆ "ರಾಜ". ಮತ್ತೆ ಇಂದ್ರ, ಯಮ, ರಾಜ. ನಮ್ಮ ಕಡೆ ಮೆಟ್ಟಿಲು ಎಣಿಸುವ ಕ್ರಮ ಇದು. ಕೊನೆಯ ಮೆಟ್ಟಿಲಿಗೆ ಇಂದ್ರನೋ ರಾಜನೋ ಬರಬೇಕು, ಯಮ ಬರಬಾರದು. ಕುಟ್ಟುತ್ತ, ಎಣಿಸುತ್ತ ಮೇಲೆ ಹೋದ. ಹದಿನೆಂಟು ರಾಜ. ಹತ್ತೊಂಬತ್ತು ಇಂದ್ರ. ಇಪ್ಪತ್ತನೆಯದರ ಮೇಲೆ ಛತ್ರಿ ಇಟ್ಟು, ಬಾಯಿ ಬಿಡದೆ, ಮೇಲಿನಿಂದ ನನ್ನನ್ನೇ ನೋಡಿದ. ಹೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ.

ಅಕ್ಕ ನಕ್ಕಳು. "ಇಪ್ಪತ್ತನ್ನ ಮೂರರಿಂದ ಭಾಗಿಸಿದ್ರೆ ಶೇಷ ಎರಡು ಸಾರ್. ಐದನೇ ಕ್ಲಾಸಿನ ಮಕ್ಕಳು ಮಾಡ್ತಾರೆ. ಆ ಎರಡಕ್ಕೆ ನೀವು ಯಮ ಅಂತ ಹೆಸರಿಟ್ಟರೆ ಅದು ಎದ್ದು ಬಂದು ನನ್ನ ಕಾಲು ಹಿಡಿಯುತ್ತಾ?"

ಆತ ಇಳಿದು ಬಂದು ನನ್ನ ಭುಜ ತಟ್ಟಿದ. "ಮಗಳಿಗೆ ಗಂಡು ನೋಡ್ತಾ ಇದ್ದೀರಂತೆ? ಒಳ್ಳೇದು. ನಾನು ಹೇಳೋದು ಹೇಳ್ದೆ. ಆಮೇಲೆ ನಿಮ್ಮಿಷ್ಟ."

ನಿಜವಾಗಿ ಆತ ಏನೂ ಹೇಳಿರಲಿಲ್ಲ. ಆದರೆ ನನ್ನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಎರಡು ವಾರ ಮನೆಯಲ್ಲಿ ಬೇರೆ ಮಾತಿಲ್ಲ. "ಒಂದು ಮೆಟ್ಟಿಲಿಗೆ ಏನ್ರೀ ಹಟ? ನಾಳೆ ಏನಾದ್ರೂ ಆದ್ರೆ?" ಅನ್ನುವುದು ಅವಳ ಮಾತು. ಹೆಂಡತಿಯ ಮೇಲೆ ಹಾಕಿ ನಾನು ಜಾರಿಕೊಳ್ಳುವುದಿಲ್ಲ. ನನಗೂ ಹೆದರಿಕೆಯಿತ್ತು. ಅಕ್ಕನಿಗೆ ಹೇಳದೆ ಪಾರ್ಕಿಗೆ ಹೋಗಿ ಆತನ ಪಕ್ಕ ಬೆಂಚಿನ ಮೇಲೆ ಕೂತೆ. ಆತ ಪರಿಹಾರವನ್ನು ಜೇಬಿನಲ್ಲಿಟ್ಟುಕೊಂಡಿದ್ದವನ ಹಾಗೆ ತೆಗೆದುಕೊಟ್ಟ. ಕೆಳಗೆ, ಮೊದಲ ಮೆಟ್ಟಿಲ ಮುಂದೆ, ಮೂರಿಂಚು ದಪ್ಪದ ಒಂದು ಕಲ್ಲು ಕೂರಿಸಿದರೆ ಸಾಕು. ಇಪ್ಪತ್ತೊಂದಾಗುತ್ತದೆ. ರಾಜ.

"ಎತ್ತರ ಹೆಚ್ಚುಕಮ್ಮಿ ಆಗಲ್ವಾ ಸಾರ್? ಅಕ್ಕನ ಕಾಲು..."

"ಮೂರಿಂಚು ರೀ! ಮೂರಿಂಚಿಗೆ ಯಾರ್ರೀ ಬೀಳ್ತಾರೆ?"

ಗೃಹಪ್ರವೇಶಕ್ಕೆ ನಾಲ್ಕು ದಿನ ಮುಂಚೆ, ಅಕ್ಕ ಬೆಳಿಗ್ಗೆಯೇ ಮೇಲೆ ಹತ್ತಿ ತನ್ನ ಅಡುಗೆಮನೆ ಜೋಡಿಸುತ್ತಿದ್ದಾಗ, ಮೇಸ್ತ್ರಿಯನ್ನು ಕರೆಸಿ ಕಲ್ಲು ಕೂರಿಸಿದೆ. "ಅಕ್ಕಾ, ಕೆಳಗೆ ಸಿಮೆಂಟ್ ಕೆಲಸ ಇದೆ, ಹನ್ನೆರಡರವರೆಗೂ ಇಳೀಬೇಡ" ಅಂತ ಕೂಗಿ ಹೇಳಿದೆ. ಏನು ಕೆಲಸ ಅಂತ ಹೇಳಲಿಲ್ಲ. ಹೇಳಿದರೆ ಜಗಳ. ಊಟಕ್ಕೆ ಕೂತಾಗ ಸಮಾಧಾನವಾಗಿ ಹೇಳೋಣ ಅಂದುಕೊಂಡಿದ್ದೆ. ಕಲ್ಲು ಕೆಳಗಿನ ನೆಲದ ಬಣ್ಣದ್ದೇ, ಪಕ್ಕನೆ ಕಾಣುತ್ತಿರಲಿಲ್ಲ. ಕಂಬಿ ಮಾತ್ರ ಹಳೆಯ ಮೊದಲ ಮೆಟ್ಟಿಲಿಗೇ ಮುಗಿದಿತ್ತು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಆತ ಕೆಲಸ ನೋಡಲು ಬಂದ. ಎರಡು ಸಲ ಛತ್ರಿಯಿಂದ ಕಲ್ಲನ್ನು ಕುಟ್ಟಿ, "ಭೇಷ್" ಅಂದ. ಗೇಟಿನವರೆಗೆ ಬಿಡಲು ಹೋದೆ. ಅಲ್ಲಿ ನಿಂತು ಯಾರದೋ ಮನೆಯ ನೀರಿನ ಸಂಪಿನ ಕಥೆ ಶುರುಮಾಡಿದ. ಕೈ ಕಟ್ಟಿಕೊಂಡು ಕೇಳುತ್ತಿದ್ದೆ. ಹೇಳಿದ ಹೊತ್ತು ಮೀರುವವಳಲ್ಲ ಅಕ್ಕ, ಜೀವನವೆಲ್ಲ ಬೆಲ್ಲಿಗೆ ಸರಿಯಾಗಿ ಕ್ಲಾಸಿಗೆ ಹೋದವಳು. ಹನ್ನೆರಡಕ್ಕೆ ಸರಿಯಾಗಿ ಇಳಿದಳು. ಇಪ್ಪತ್ತು ಎಣಿಸಿ, ನೆಲ ಬಂತು ಅಂತ ಕಂಬಿ ಬಿಟ್ಟು, ಮುಂದಕ್ಕೆ ಹೆಜ್ಜೆ ಹಾಕಿದಳು. ಅಲ್ಲಿ ಇನ್ನೂ ಮೂರಿಂಚು ಇಳಿಯುವುದಿತ್ತು.

ನಾನು ಓಡಿ ಹೋಗುವಷ್ಟರಲ್ಲಿ ಎಡಕ್ಕೆ ಮಗುಚಿ ಬಿದ್ದಿದ್ದಳು. ಅಳುತ್ತಿರಲಿಲ್ಲ. "ಇದೇನೋ ಇದು? ಇದೇನೋ ಇಲ್ಲಿ?" ಅಂತ ಆ ಕಲ್ಲನ್ನು ಅಂಗೈಯಿಂದ ತಟ್ಟಿ ತಟ್ಟಿ ಕೇಳುತ್ತಿದ್ದಳು. ತಿರುಗಿ ನೋಡಿದರೆ ಗೇಟಿನ ಹತ್ತಿರ ಆತ ಇರಲಿಲ್ಲ.

ಮುರಿದದ್ದು ಎಡಗಡೆಯ ಸೊಂಟದ ಮೂಳೆ. ಒಳ್ಳೆಯ ಕಾಲು. ಆಪರೇಷನ್ ಆದ ಮೂರನೆಯ ದಿನ ಆಸ್ಪತ್ರೆಗೆ ಆತ ಮೂಸಂಬಿ ತೆಗೆದುಕೊಂಡು ಬಂದ. ಮಂಚದ ಪಕ್ಕ ಕೂತು, ನನ್ನ ಕಡೆ ಬಾಗಿ, ಅಕ್ಕನಿಗೂ ಕೇಳಿಸುವ ಹಾಗೆ ಹೇಳಿದ.

"ನೋಡಿ, ಇಪ್ಪತ್ತೇ ಇದ್ದಿದ್ರೆ ಪ್ರಾಣಕ್ಕೇ ಬರ್ತಿತ್ತು. ಈಗ ಮೂಳೆಗೆ ಬಂದು ಹೋಯ್ತು. ದೇವರು ದೊಡ್ಡೋನು."

ಥೂ! ಎಂಥ ನಾಲಿಗೆ ಅದು! ಒಬ್ಬ ಹೆಂಗಸಿನ ಕಾಲು ಮುರಿದು, ಅದರ ಪಕ್ಕದಲ್ಲೇ ಕೂತು ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದಕ್ಕೆ ಎಂಥ ಚರ್ಮ ಬೇಕು! ಆ ಮೂಸಂಬಿಯನ್ನು ಎತ್ತಿ ಆತನ ಮುಖಕ್ಕೆ ಎಸೆಯಬೇಕಿತ್ತು. ನಾನು ಏನು ಮಾಡಿದೆ? "ಹೌದು ಸಾರ್" ಅಂದೆ. ಕೆಳಗಿನ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದೆ. ಅಲ್ಲಿಯೂ ಅರ್ಧ ಬಿಟ್ಟ.

ಮನೆಗೆ ಬಂದರೆ, ಅಕ್ಕ ಬಿದ್ದ ರಭಸಕ್ಕೆ ಆ ಹಸಿ ಸಿಮೆಂಟಿನ ಕಲ್ಲು ಒಂದಿಷ್ಟು ಜರುಗಿತ್ತು. ಮೇಸ್ತ್ರಿ ಕೇಳಿದ, "ತೆಗೆದ್ ಬಿಡ್ಲಾ ಸಾರ್?" ಆತನ ಮಾತು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಇಪ್ಪತ್ತೇ ಇದ್ದಿದ್ದರೆ ಪ್ರಾಣಕ್ಕೆ ಬರುತ್ತಿತ್ತು. "ಬೇಡ, ಸರಿಯಾಗಿ ಕೂರಿಸು" ಅಂದೆ.

ಅಕ್ಕ ಆಸ್ಪತ್ರೆಯಿಂದ ಬಂದದ್ದು ಕೆಳಗಿನ ರೂಮಿಗೆ. ಅವಳು ಬೇಡ ಅಂದಿದ್ದ ಅದೇ ರೂಮು. ಅದರ ಕಿಟಕಿ ಮೆಟ್ಟಿಲ ಕಡೆಗೇ ತೆರೆಯುತ್ತದೆ. ಮೂರು ವರ್ಷ ಅಲ್ಲಿದ್ದಳು. ಮೊದಲು ಮಂಚ, ಆಮೇಲೆ ಕುರ್ಚಿ, ಆಮೇಲೆ ವಾಕರ್. ಮೇಲಿನ ಅವಳ ಮನೆಗೆ ಬೀಗ. ಅವಳ ಪುಸ್ತಕಗಳು ಡಬ್ಬದಲ್ಲೇ ಉಳಿದವು. ಬಾಲ್ಕನಿಯ ಮಲ್ಲಿಗೆ ಕುಂಡಗಳಿಗೆ ನೀರು ಹಾಕಲು, ಬಟ್ಟೆ ಒಣಗಿಸಲು, ಟ್ಯಾಂಕು ನೋಡಲು ನಾನು ಹತ್ತಿ ಇಳಿಯುತ್ತಿದ್ದೆ. ಕಲ್ಲು ತೆಗೆಸುವ ಮಾತು ಅವಳು ಎತ್ತಿದಾಗಲೆಲ್ಲ, "ಮಗಳ ಮದುವೆ ಒಂದು ಆಗಿಬಿಡ್ಲಿ ಅಕ್ಕ" ಅಂದೆ. ಮದುವೆ ಆಯಿತು. ಒಳ್ಳೆಯ ಸಂಬಂಧವೇ ಸಿಕ್ಕಿತು. "ನೋಡಿದ್ರಾ? ರಾಜ!" ಅಂತ ಆತ ಆರತಕ್ಷತೆಯಲ್ಲಿ ನನ್ನ ಕೈ ಕುಲುಕಿದ. ನಾನು ನಕ್ಕೆ.

ಹೀಗಿದ್ದ ಆತ ಕೊನೆಗೆ ಸತ್ತ. ಫ್ಲೆಕ್ಸ್ ಕಟ್ಟಿದರು. ಸ್ಮರಣ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ನಿಂತು, ನಮ್ಮ ಮನೆ ಮೆಟ್ಟಿಲು ಅವರದೇ ಕೃಪೆ ಅಂದರು. ನನ್ನ ಸರದಿ ಬರುವ ಮುಂಚೆ ಕಾಫಿಯ ನೆಪ ಮಾಡಿ ಹೊರಗೆ ಬಂದೆ. ಪೀಡೆ ತೊಲಗಿತು ಅನ್ನಿಸಿತು. ಹೌದು, ಅದೇ ಮಾತು. ಮನೆಗೆ ಬಂದು ಅಕ್ಕನಿಗೆ ಹೇಳಿದೆ.

ಅದೇ ವಾರ ಅವಳಿಗೆ ವ್ಯಾಯಾಮ ಮಾಡಿಸುವ ಹುಡುಗಿ ಬಂದು, "ಮೇಡಂ ಈಗ ಮೆಟ್ಟಿಲು ಹತ್ತಬಹುದು ಅಂಕಲ್. ಆರಿಂಚು, ಎರಡೂ ಕಡೆ ರೇಲಿಂಗ್, ಇದಕ್ಕಿಂತ ಒಳ್ಳೇ ಮೆಟ್ಟಿಲು ನಾನು ಎಲ್ಲೂ ನೋಡಿಲ್ಲ. ಕೆಳಗಿರೋ ಆ ಕಲ್ಲು ಒಂದು ತೆಗೆಸಿಬಿಡಿ" ಅಂದಳು. ಅಕ್ಕನ ಮುಖ ಅರಳಿತು. ನಾನೇ ಮೇಸ್ತ್ರಿಗೆ ಫೋನು ಮಾಡಿದೆ. ಶುಕ್ರವಾರ ಬೆಳಿಗ್ಗೆ ಉಳಿ, ಸುತ್ತಿಗೆ ಹಿಡಿದು ಬಂದ. ಅಕ್ಕ ವಾಕರ್ ಹಿಡಿದು ಬಾಗಿಲಿಗೆ ಬಂದು ನಿಂತಳು. ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು.

ಮೇಸ್ತ್ರಿ ಉಳಿ ಇಟ್ಟ. ಒಳಗಿನಿಂದ ನನ್ನ ಹೆಂಡತಿ ಬಂದು ಮೆಲ್ಲಗೆ ಅಂದಳು, "ರೀ, ಇವಳಿಗೆ ಈಗ ಏಳು ತಿಂಗಳು."

ಬಸುರಿ ಮಗಳು ಹೆರಿಗೆಗೆ ಅಂತ ನಮ್ಮ ಮನೆಗೇ ಬಂದಿದ್ದಳು. ಹೆಂಡತಿ ಅಷ್ಟೇ ಹೇಳಿ ಒಳಗೆ ಹೋದಳು.

"ಒಡೀಲಾ ಸಾರ್?" ಅಂದ ಮೇಸ್ತ್ರಿ.

"ಒಡೀರಿ" ಅಂದಳು ಅಕ್ಕ.

ಅವನು ಅಕ್ಕನನ್ನು ನೋಡಿ, ಮತ್ತೆ ನನ್ನನ್ನು ನೋಡಿದ. ಆತ ಸತ್ತು ಬೂದಿಯಾಗಿದ್ದ. ಆತನನ್ನು ನಾನು ಎಷ್ಟು ಹೀಗಳೆದಿದ್ದೇನೆ ಅಂತ ಇಷ್ಟು ಹೊತ್ತು ನೀವೇ ಓದಿದಿರಿ. ಆ ಛತ್ರಿ ಇರಲಿಲ್ಲ, ಆ ಟೇಪು ಇರಲಿಲ್ಲ, ನನ್ನ ಮುಂದೆ ಬರೀ ಒಂದು ಕಲ್ಲಿತ್ತು.

"ಶುಕ್ರವಾರ ಬೇಡಪ್ಪ. ಸೋಮವಾರ ಬಾ" ಅಂದೆ.

ಸೋಮವಾರ ಅವನು ಫೋನು ಮಾಡಿದಾಗ ಊರಲ್ಲಿಲ್ಲ ಅಂದೆ. ಅಕ್ಕನ ರೂಮಿನ ಕಿಟಕಿಯ ಪಕ್ಕದಲ್ಲೇ ನಿಂತು ಹಾಗಂದಿದ್ದೆ ಅಂತ ಆಮೇಲೆ ಹೊಳೆಯಿತು. ಅದರ ಮುಂದಿನ ಸೋಮವಾರ ಅವನೇ ಫೋನು ಮಾಡಲಿಲ್ಲ. ಆ ಬುಧವಾರ ಅಕ್ಕ ಪುಟ್ಟೇನಹಳ್ಳಿಗೆ ಹೊರಟಳು. ಅವಳ ಸ್ನೇಹಿತೆ ಇರುವ ಕಟ್ಟಡದಲ್ಲೇ, ನೆಲಮಟ್ಟದಲ್ಲಿ, ಒಂದು ಬಾಡಿಗೆ ಮನೆ ಖಾಲಿ ಇತ್ತಂತೆ. ತಾನೇ ಮಾತಾಡಿ, ತಾನೇ ಸಾಮಾನಿಗೆ ಟೆಂಪೊ, ತನಗೆ ಕಾರು ಗೊತ್ತುಮಾಡಿದ್ದಳು. ಮೇಲಿನ ಮನೆಯಿಂದ ಪುಸ್ತಕದ ಡಬ್ಬಗಳನ್ನು ಆಳುಗಳು ಇಳಿಸುತ್ತಿದ್ದರು. ಅವರೂ ಆ ಕಲ್ಲಿಗೆ ಕಾಲು ಎಡವಿದರು. ನನಗೆ ದುಃಖ ತಡೆಯಲಾಗಲಿಲ್ಲ.

"ಅಕ್ಕಾ, ಆ ಮನುಷ್ಯ ನಮ್ಮನ್ನ ಹಾಳು ಮಾಡ್ಬಿಟ್ಟ" ಅಂದೆ.

ಅವಳು ಕಾರಿನ ಬಾಗಿಲು ಹಿಡಿದು ನಿಂತಳು. ಕೋಪದಲ್ಲಿರಲಿಲ್ಲ. ಕ್ಲಾಸಿನಲ್ಲಿ ದಡ್ಡ ಹುಡುಗನನ್ನು ಬೋರ್ಡಿಗೆ ಕರೆದಾಗ ಮಾತಾಡುವ ದನಿ.

"ಆತ ನಮ್ಮ ಮೆಟ್ಟಿಲ ಹತ್ರ ಎಷ್ಟು ಸಲ ಬಂದಿದ್ದ?"

"ಎರಡು ಸಲ."

"ನೀನು ದಿನಕ್ಕೆ ಎಷ್ಟು ಸಲ ಆ ಕಲ್ಲು ದಾಟ್ತೀಯ?"

ನಾನು ಕಲ್ಲಿನ ಕಡೆ ತಿರುಗಿ ನೋಡಿದೆ.

"ನಾನು ಎಣಿಸಿದ್ದೀನಿ ಕಣೋ" ಅಂದಳು ಅಕ್ಕ. "ಮೂರು ವರ್ಷ ಆ ಕಿಟಕೀಲಿ ನಂಗೆ ಬೇರೆ ಏನ್ ಕೆಲಸ ಇತ್ತು?"